ಮಹಾಲಿಂಗಪ್ಪನವರ ಗಟ್ಟಿ ಹಿಮ್ಮಡಿ

"ನಮ್ಮ ಮನೆತನದಾಗ ಎಲುಬು ಮುರಿಯೂದಿಲ್ಲ!" ಎಂದು ಪುಣೆಯ ಕೊಂಢವಾ ಬಡಾವಣೆಯ ಬಟ್ಟೆ ವ್ಯಾಪಾರಿ ಮಹಾಲಿಂಗಪ್ಪನವರು ಸಾರಿದಾಗ ಅವರ ತಾಟಿನಲ್ಲಿ ಜೋಳದ ರೊಟ್ಟಿ ಇತ್ತು. ರೊಟ್ಟಿ ದಪ್ಪಗಿತ್ತು. ಅದನ್ನೂ ಸಾರಿದರು.

"ಮುಂಗೈ ನೋಯಾಕ ಹತ್ತೇದ್ರಿ. ಬಡಿಯಾಕ ಆಗವಲ್ದು," ಎಂದರು ಹೆಂಡತಿ ಭಾಮಾಬಾಯಿ. ಸಂಕ್ರಾಂತಿಯಿಂದ ಅವರು ಇದನ್ನೇ ಹೇಳುತ್ತಿದ್ದರು. ಗಂಡನ ಕಿವಿಗೆ ಬಿದ್ದದ್ದು ರೊಟ್ಟಿಯ ಸಂಗತಿ ಮಾತ್ರ!

2002ರ ಆ ಬೇಸಿಗೆಯಲ್ಲಿ ಓಣಿಯ ಮದುವೆ ಹಾಲಿನಲ್ಲಿ ಹೆಂಗಸರಿಗೆ ಎಲುಬಿನ ಪುಕ್ಕಟೆ ತಪಾಸಣೆ ನಡೆಯಿತು. ಮಹಾಲಿಂಗಪ್ಪನವರೇ ಹೆಂಡತಿಯನ್ನು ಕರೆದೊಯ್ದರು, ಪುಣ್ಯಾತ್ಮರು! ಯಂತ್ರ ಕಂಡದ್ದೇ ಭಾಮಾಬಾಯಿ ಹಿಂದೆ ಸರಿದರು. "ಎಕ್ಸ್-ರೇ ಬ್ಯಾಡ್ರಿ, ಅಂಜಿಕಿ ಬರ್ತದ."

"ಎಕ್ಸ್-ರೇ ನಾಹೀ, ಮಾವಶಿ!" ಎಂದು ತಪಾಸಣೆ ಮಾಡುವ ಸುಲಭಾ ನಕ್ಕಳು. ಕಿರಣ ಗಿರಣ ಏನೂ ಇಲ್ಲ. ಹಿಮ್ಮಡಿಗೆ ಜೆಲ್ ಹಚ್ಚಿ, ಕಿವಿಗೆ ಕೇಳದ ಶಬ್ದವನ್ನು ಎಲುಬಿನೊಳಗಿಂದ ಹಾಯಿಸಿದರೆ ಅದರ ಗಟ್ಟಿತನ ಗೊತ್ತಾಗುತ್ತದೆ ಎಂದು ಮರಾಠಿಯಲ್ಲಿ ವಿವರಿಸಿದಳು.

"ಇಷ್ಟಕ್ಕ ಅಂಜತಿ? ಸರಿ ಆಕಡೆ, ನಾ ತೋರಸ್ತೀನಿ!"

ಹೆಂಡತಿಯ ಪಾಳಿಯಲ್ಲಿ ಗಂಡ ಕುರ್ಚಿ ಏರಿದರು. ಬಲಗಾಲು ಯಂತ್ರದೊಳಗೆ ಹೋಯಿತು. ಫಲಿತಾಂಶ ಬಂತು: ಉತ್ತಮ!

ಸಿಂಹಾಸನದಿಂದ ಇಳಿಯುವ ಮಹಾರಾಜರಿಗೆ ಕಾಲು ಒರೆಸಿಕೊಳ್ಳುವ ವ್ಯವಧಾನ ಎಲ್ಲಿ? "ಕಾಕಾ, ಟಾಚ ಪುಸಾ!" ಎಂದು ಸುಲಭಾ ಹಿಮ್ಮಡಿ ಒರೆಸುವ ಬಟ್ಟೆ ಹಿಡಿದು ಕೂಗಿದಳು.

"ನೋಡಿದ್ಯಾ ಭಾಮಾ? ಕಬ್ಬಿಣ!" ಎನ್ನುತ್ತ ಅವರು ಜೆಲ್ ಮೆತ್ತಿದ ಹಿಮ್ಮಡಿಯನ್ನು ನುಣ್ಣನೆಯ ಫರಸಿ ನೆಲದ ಮೇಲೆ ಊರಿದರು. ಊರಿದ್ದಷ್ಟೇ! ಜಾರುತ್ತ ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಭಾಮಾಬಾಯಿಯವರ ಅದೇ ನೋಯುವ ಮುಂಗೈ.

ಇಬ್ಬರೂ ಬಿದ್ದರು. ಮಹಾಲಿಂಗಪ್ಪನವರು ಧೋತರ ಕೊಡವಿಕೊಂಡು ಎದ್ದರು. ಭಾಮಾಬಾಯಿಯವರ ಮುಂಗೈ ಮುರಿದಿತ್ತು.

ಎಲುಬು ಟೊಳ್ಳಾಗಿದೆ, ನೋವನ್ನು ಮೊದಲೇ ಹೇಳಬಾರದಿತ್ತೇ ಎಂದು ಪ್ಲಾಸ್ಟರ್ ಹಾಕುತ್ತ ಡಾಕ್ಟರು ಗದರಿದರು. ಭಾಮಾಬಾಯಿ ಗಂಡನ ಮುಖ ನೋಡಿದರು. ನಾಲ್ಕು ಮಾತು ಬಯ್ದಿದ್ದರೂ ಮಹಾಲಿಂಗಪ್ಪನವರಿಗೆ ಹಗುರಾಗುತ್ತಿತ್ತು. ಯಂತ್ರದ ಶಬ್ದ ನಂಬಿದೆ, ಮನೆಯವಳ ಮಾತು ಕೇಳಲಿಲ್ಲವಲ್ಲ ಎಂದು ತಾವೇ ತಮ್ಮನ್ನು ಬಯ್ದುಕೊಂಡರು.

ಮರುದಿನ ಅವರೇ ಹಿಟ್ಟು ನಾದಿದರು, ಅವರೇ ಬಡಿದರು. ಮುಂಗೈ ಎಷ್ಟು ನೋಯುತ್ತದೆಂದು ಆಗ ತಿಳಿಯಿತು! ಬೆಂದದ್ದನ್ನು ಹೆಂಡತಿಯ ತಾಟಿಗೆ ಹಾಕಿ, ತಲೆ ತಗ್ಗಿಸಿ ಕುಳಿತರು.

"ದಪ್ಪ ಆಗ್ಯಾವೇನ?"

ಭಾಮಾಬಾಯಿ ಎಡಗೈಯಿಂದ ರೊಟ್ಟಿ ಹಿಡಿದು ಬಗ್ಗಿಸಿ ನೋಡಿದರು, ತಾಟಿನ ಅಂಚಿಗೆ ಒತ್ತಿ ನೋಡಿದರು.

"ದಪ್ಪ ಇರ್ಲಿ ಬಿಡ್ರಿ. ಆದ್ರ ಇದು ನಿಮ್ಮ ಮನೆತನದ್ದ ಅದ, ಮುರಿಯವಲ್ದು!"