ಹೌದು ಅನ್ನೂದರಾಗ ಹುಗ್ಗಿ

“ಅವರು ಹ್ಞೂಂ ಅನ್ನೂತನ ನಾ ಒಲಿ ಹಚ್ಚೂದಿಲ್ಲ!” ಎಂದಳು ಶಂಕ್ರೆವ್ವ.

ಮಗಳು ಸಾತವ್ವನನ್ನು ನೋಡಲು ಮುಧೋಳದಿಂದ ಗಂಡಿನವರು ಬರುವವರಿದ್ದರು. ಒಪ್ಪಿಗೆಯಾದರೆ ಗೋಧಿ-ಬೆಲ್ಲದ ಹುಗ್ಗಿ ಉಂಡು ಹೋಗುವುದು, ಆಗದಿದ್ದರೆ ಬರೀ ಚಹಾ. ಅವರಲ್ಲಿ ನಡೆದುಬಂದ ಪದ್ಧತಿ. ಗೋಧಿ ಬೇಯಲು ಮಾತ್ರ ತಾಸುಗಟ್ಟಲೆ ಬೇಕು. ಬನಹಟ್ಟಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅವಳ ಗಂಡ ನೀಲಕಂಠನಿಗೆ ಪಾಠ ಹೇಳಲು ಇಷ್ಟು ಸಾಕಿತ್ತು.

“ಕಂಪ್ಯೂಟರಿನ ತಲಿ, ಪ್ರೊಸೆಸರ್, ನಿನ್ನಂಗ ಕಾಯ್ಕೋತ ಕೂಡೂದಿಲ್ಲ. ಹೌದಂದ್ರ ಈ ದಾರಿ, ಇಲ್ಲಂದ್ರ ಆ ದಾರಿ ಅಂತ ಕವಲು ಬಂತಂದ್ರ, ಉತ್ತರ ಬರೂದರಾಗ ಒಂದು ದಾರಿ ಊಹಿಸಿ ಕೆಲಸ ಚಾಲೂ ಮಾಡತೈತಿ.”

“ಊಹೆ ತಪ್ಪಿದ್ರ?”

“ಮಾಡಿದ್ದು ಚೆಲ್ಲಿ, ಹಿಂದ ಬಂದು ಇನ್ನೊಂದು ದಾರಿ ಹಿಡೀತೈತಿ. ಹೊರಗಿನವರಿಗೆ ಸುದ್ದೀನ ಇಲ್ಲ.”

“ಬೆಲ್ಲ ಹಾಕಿದ್ದನ್ನ ಚೆಲ್ಲತೈತಿ? ಅದನ್ನ ಹಡದಾಕಿ ಯಾರು? ಇರ್ಲಿ, ಯಾವ ಆಧಾರದ ಮ್ಯಾಲ ಊಹಿಸತೈತಿ?”

“ಹಿಂದ ಏನಾಗಿತ್ತು ಅನ್ನೂದರ ಮ್ಯಾಲ.”

“ಹಿಂದ ಬಂದವರೆಲ್ಲಾ ಚಹಾ ಕುಡದ ಹೋಗ್ಯಾರ. ಹಂಗಾದ್ರ ಚಹಾ ಇಡ್ಲೇನು?”

ಈ ಸಂಬಂಧವೂ ತಪ್ಪಿದರೆ ಮಗಳ ಮುಖ ಹೇಗೆ ನೋಡುವುದೆಂದು ನೀಲಕಂಠ ಕಡ್ಡಿಪೆಟ್ಟಿಗೆಯನ್ನು ಹೆಂಡತಿಯ ಕೈಗಿಟ್ಟ.

“ಆಕಿ ಪ್ರೊಸೆಸರಲ್ಲ, ನನ್ನ ಮಗಳು. ಒಲಿ ಹಚ್ಚು!”

ಒಲೆ ಹತ್ತಿತು. ಗಂಡಿನವರು ಬಂದರು, ಹುಡುಗಿಯನ್ನು ನೋಡಿದ್ದೂ ಆಯಿತು. ಗಂಡಿನ ತಂದೆ ಮಲಕಾಜಪ್ಪ ಇನ್ನೇನು ಬಾಯಿ ತೆರೆಯಬೇಕು, ಮೊದಲು ಮೂಗು ಅರಳಿತು.

“ಹುಗ್ಗಿ ವಾಸನಿ ಬರಾಕತ್ತೈತೆಲ್ರೀ?”

“ಓಣ್ಯಾಗ ಯಾರೋ ಮಾಡಿರಬೇಕ್ರಿ” ಎಂದ ನೀಲಕಂಠ.

“ನಿಮ್ಮ ಅಡಗಿಮನಿಯಿಂದನ ಬರಾಕತ್ತೈತಿ. ನಾವು ಮಾತಾಡೂಕಿಂತ ಮೊದಲ ನಮ್ಮ ಒಪ್ಪಿಗಿ ಬೇಯಿಸೀರಿ! ಇಷ್ಟ್ಯಾಕ್ರೀ ಅವಸರ? ಹುಡುಗ್ಯಾಗ ಏನರೆ ಊನ ಐತೇನು?”

ನೀಲಕಂಠ ಓದಿದ ಯಾವ ಪುಸ್ತಕದಲ್ಲೂ ವಾಸನೆಯ ಮಾತೇ ಇರಲಿಲ್ಲ.

“ಹಂಗೇನಿಲ್ರಿ, ಅದು ಬರೇ ಊಹೆ…”

“ನಮಗ ಚಹಾ ಸಾಕು” ಎಂದು ಮಲಕಾಜಪ್ಪ ಮುಖ ಗಂಟಿಕ್ಕಿದ.

ಒಳಗಿನಿಂದ ಸಾತವ್ವ ಬಂದಳು. ಅವನ ಮುಂದೆ ಚಹಾ ಇಟ್ಟಳು, ಅಪ್ಪನ ಕೈಗೆ ತುಪ್ಪ ಸುರಿದ ಹುಗ್ಗಿಯ ತಾಟು ಕೊಟ್ಟಳು.

“ನೀವು ಯಾಕ ಗಾಬರಿ ಆಗ್ತೀರಿ ಮಾವಾರ? ಹುಗ್ಗಿ ನಿಮಗಂತ ಮಾಡಿದ್ದಲ್ಲ. ನಿಮ್ಮ ಹುಡುಗನ್ನ ನಾ ಒಲ್ಲೆ ಅಂದೇನಿ, ಅದರ ಖುಷಿಗೆ ಮನಿಯವರು ಉಣ್ಣಾಕತ್ತೇವಿ.”