ಅರ್ಧಾ ಪಗಾರದ ರೊಟ್ಟಿ

ಇಂಥಾವು ಒಂದ ಸಲ ಆಗಿದ್ರ ಮರತ ಬಿಡ್ತಿದ್ದೆ. ಆದ್ರ ನಾ ದುಡಿದ ಹೊಟೇಲಿನಾಗ ಪಗಾರದ ಮಾತ ಬಂತಂದ್ರ ಒಂದಿಲ್ಲೊಂದು ಆಗಾವ.

ಎಮರ್ಜೆನ್ಸಿ ಮುಗಿದ ಹೊಸತು. ಬೆಳಗಾವಿ ರವಿವಾರ ಪೇಟಿ ಹತ್ತರ ಆ ಹೊಟೇಲು. ಕೆಳಗ ಊಟ, ಮ್ಯಾಲೆ ವ್ಯಾಪಾರಸ್ತರು ಇಳಕೊಳ್ಳೂ ಖೋಲಿ. ನಾ ಅಡಗಿಮನ್ಯಾಗ ರೊಟ್ಟಿ ಬಡಿಯಾಕಿ. ಲೆಕ್ಕಾ ಬರಿಯಾಕ ಒಬ್ಬರು ಅಕ್ಕಾರಿದ್ರು. ಇಬ್ಬರೂ ಖಾನಾಪುರದಿಂದ ಮುಂಜಾನಿ ರೈಲಿಗೆ ಬರಾವ್ರು. ಅಕ್ಕಾರ ಗಂಡ ತೀರಿಕೊಂಡಿದ್ರು, ಎರಡು ಮಕ್ಕಳು. "ಪಗಾರ ಏರಲಿಲ್ಲಂದ್ರ ದೊಡ್ಡಾಕೀನ್ನ ಕಾಲೇಜು ಬಿಡಸೂದ ನೋಡವಾ" ಅಂತ ದೇಸೂರ ಸ್ಟೇಶನ್ ಬಂದಾಗೊಮ್ಮೆ ಅಂತಿದ್ರು.

೧. ಇನ್ನೂ ಬಾರದ ಹೆಂಡ್ತಿ

ಹೊಸಾ ಮ್ಯಾನೇಜರು ಬಂದ್ರು. ಲೆಕ್ಕದ ಗಂಧಾನ ಇಲ್ಲ. "ಅಕ್ಕಾರ, ಇವರಿಗೆ ಒಂದೀಟ ಕಲಸ್ರಿ" ಅಂದ್ರು ಮಾಲಕರು. ಅಕ್ಕಾರು ಕಲಿಸಿದ್ರು. ತಿಂಗಳಾತು. ಪಗಾರದ ಪಟ್ಟಿ ಬರಿಯಾವ್ರೂ ಅಕ್ಕಾರ. ಮ್ಯಾನೇಜರ ಹೆಸರಿನ ಮುಂದ ಮುನ್ನೂರು ಬರದ್ರು, ತಮ್ಮ ಹೆಸರಿನ ಮುಂದ ನೂರೈವತ್ತು ಬರದ್ರು, ಪೆನ್ನು ಕೆಳಗಿಟ್ರು.

"ಮಾಲಕರ, ಇದ್ಯಾಕ್ರಿ ಹಿಂಗ?"

"ಗಂಡಸರಿಗೆ ಸಂಸಾರ ಇರತೈತಲ್ಲವಾ."

"ಇವರದಿನ್ನೂ ಮದಿವೀನ ಆಗಿಲ್ರೀ."

"ನಾಳೆ ಆಗತೈತಿ ತಗೋ!"

ಸಂಜೀಕ ರೈಲಿನಾಗ ನಾ ಅಂದೆ, "ಅಕ್ಕಾರ, ನಿಮ್ಮ ಹುಟ್ಟಿದ ಮಕ್ಕಳಿಗಿಂತ ಅವರ ಇನ್ನೂ ಬಾರದ ಹೆಂಡ್ತೀನ ಹೆಚ್ಚ ಉಣ್ತಾಳ ನೋಡ್ರಿ."

೨. ಏಳನೇ ಚಹಾ

ಸೇಲ್ಸ್ ಟ್ಯಾಕ್ಸ್ ಆಫೀಸಿನ ಸಾಹೇಬರು ಲೆಕ್ಕದ ವಹಿ ನೋಡಾಕ ಬಂದ್ರು. "ಹೆಣ್ಮಕ್ಕಳು ಮುಂದ ಕುಂತ್ರ ಚಲೋ ಕಾಣೂದಿಲ್ಲ" ಅಂತ ಮಾಲಕರು ಅಕ್ಕಾರನ್ನ ಅಡಗಿಮನಿಗೆ ಕಳಿಸಿದ್ರು. ಸಾಹೇಬರು ಒಂದ ಪ್ರಶ್ನಿ ಕೇಳೂದು, ನಮ್ಮ ಮ್ಯಾನೇಜರು "ಚಹಾ ಹೇಳಿ ಬರ್ತೇನ್ರಿ" ಅಂತ ಒಳಗ ಓಡೂದು. ಒಲಿ ಮುಂದ ಅಕ್ಕಾರು ಉತ್ತರಾ ಹೇಳೂದು, ಅವರು ಒಂದ ಕೈಯಾಗ ಚಹಾ, ಬಾಯಾಗ ಉತ್ತರಾ ಹಿಡಕೊಂಡು ಹೋಗೂದು. ಹಿಂಗ ಆರು ಚಹಾ ಆದ್ವು. ಏಳನೇದಕ್ಕ ಸಾಹೇಬರು ಎದ್ದ ನಿಂತ್ರು.

"ಮೊದಲ ನನಗ ಸಂಡಾಸ ತೋರಸ್ರಿ. ಆಮ್ಯಾಲೆ ಆ ಉತ್ತರಾ ಕೊಡೂ ಚಹಾದವರನ್ನ ಹೊರಗ ಕರೀರಿ!"

೩. ಖರ್ಚಿನ ಬಾಜು

ಇಷ್ಟಾದ್ರೂ ಪಗಾರ ಏರಲಿಲ್ಲ. ಅಕ್ಕಾರಿಗೆ ಜಗಳಾಡೂ ತ್ರಾಣಾನೂ ಉಳಿದಿರಲಿಲ್ಲ. ಸುಮ್ಮನ ವಹಿಯೊಳಗ ಜಮಾದ ಬಾಜು ಅಷ್ಟ ಬರದು, ಖರ್ಚಿನ ಬಾಜು ಖಾಲಿ ಬಿಟ್ರು. ಮಾಲಕರು ಕೇಳಿದ್ರ, "ನನ್ನ ಅರ್ಧಾ ಪಗಾರ ಇಲ್ಲೀಮಟಾ ಮುಟ್ಟತೈತ್ರಿ. ಉಳದದ್ದು ಮ್ಯಾನೇಜರ ಪಗಾರದಾಗ ಐತಿ" ಅಂದ್ರು.

ನನಗ ಈ ವಿದ್ಯಾ ಭಾಳ ಚಲೋ ಅನಿಸ್ತು. ನನ್ನ ಬಾಜೂಕ ಪಲ್ಯಾ ಮಾಡೂ ಗಂಡಸಿಗೂ ನನ್ನ ಎರಡರಷ್ಟ ಪಗಾರ. ಮರುದಿನಾ ಮಧ್ಯಾಹ್ನ ಮಾಲಕರು ಒಂದ ರೊಟ್ಟಿ ಹಿಡಕೊಂಡು ಒಳಗ ಬಂದ್ರು. ಹೊರಗ ಊಟದವರ ಗದ್ದಲಾ.

"ಏನವಾ ಇದು! ಒಂದ ಬಾಜು ಬೆಂದೈತಿ, ಒಂದ ಬಾಜು ಹಸೀ ಐತಿ?"

"ಅದು ಖರ್ಚಿನ ಬಾಜು ರೀ, ಮಾಲಕರ."

೪. ಸಮಾ ಸಮಾ

ಅಕ್ಕಾರ ದೊಡ್ಡ ಹುಡುಗಿ ಕಾಲೇಜು ಬಿಡಲಿಲ್ಲ. ಹೆಂಗಂದ್ರ ಕೇಳ್ರಿ.

ರೊಟ್ಟಿ ವಾಪಸ ಬಂದ ಸಂಜೀಕ ಮಾಲಕರು ಸೋತು ಎಲ್ಲಾರ ಮುಂದ ಮಾತ ಕೊಟ್ರು: "ಮುಂದಿನ ತಿಂಗಳಿಂದ ಅಕ್ಕಾರಿಗೂ ಮ್ಯಾನೇಜರಿಗೂ ಒಂದ ಪಗಾರ." ಅವತ್ತ ರೈಲು ದೇಸೂರ ದಾಟಿದ್ರೂ ಅಕ್ಕಾರು ಕಾಲೇಜಿನ ಮಾತ ತಗೀಲಿಲ್ಲ. ಕಿಡಕಿಗೆ ತಲಿ ಹಚ್ಚಿ ನಿದ್ದಿ ಮಾಡಿದ್ರು.

ಪಗಾರದ ದಿನಾ ಬಂತು. ಈ ಸಲ ಪಟ್ಟಿ ಮಾಲಕರ ಬರದಿದ್ರು. ಮಾತ ತಪ್ಪಿರಲಿಲ್ಲ ಬಿಡ್ರಿ. ಅಕ್ಕಾರಿಗೆ ನೂರೈವತ್ತು, ಮ್ಯಾನೇಜರಿಗೂ ನೂರೈವತ್ತು.

ಅಕ್ಕಾರು ಅಡಗಿಮನಿಗೆ ಬಂದು ನನ್ನ ಬಾಜೂಕ ಕುಂತ್ರು. ಬೆನ್ನ ಹಿಂದ ಮ್ಯಾನೇಜರು ಬಂದ್ರು, ಮಾರಿ ಸಪ್ಪಗ.

"ಅಕ್ಕಾರ, ನನ್ನ ಮದಿವಿ ನಿಶ್ಚಯ ಆಗೈತ್ರಿ. ಎರಡು ನೂರ ಬಂದ್ರೂ ನಡೀತಿತ್ತು. ನೂರೈವತ್ತರಾಗ ಮನಿ ಹೆಂಗ ನಡಸೂದ್ರೀ?"

ಅಕ್ಕಾರು ಕುಂದರೂ ಮಣಿ ಒಂದು ಅವರತ್ತ ಸರಿಸಿದ್ರು.

"ಕುಂದರ್ರಿ ಸಾಹೇಬರ. ನಿಮಗ ಲೆಕ್ಕಾ ಪುಕ್ಕಟೆ ಕಲಸಿದ್ದೆ. ನೂರೈವತ್ತರಾಗ ಮನಿ ನಡಸೂ ವಿದ್ಯಾಕ್ಕ ಫೀ ಐತ್ರಿ. ನಮ್ಮ ಹುಡುಗಿ ಕಾಲೇಜಿಗೆ ತುಂಬಿ ಬರ್ರಿ!"