ಕರಿ ಪಿಟೀಲು, ಕಂದು ಪಿಟೀಲು

ಗಂಡ ಜಯಸಿಂಹನ ವೈಕುಂಠ ಸಮಾರಾಧನೆಯ ಮರುದಿನ, ನೆಂಟರೆಲ್ಲ ಹೊರಟುಹೋದ ಮೊದಲ ಬೆಳಗ್ಗೆ, ವಿಮಲಾ ಕಸ ಗುಡಿಸಿ, ನಲ್ಲಿ ನೀರು ಹಿಡಿದು, ಕಾಲೇಜಿಗೆ ಇನ್ನೆಷ್ಟು ದಿನ ರಜೆ ಇದೆ ಎಂದು ಕ್ಯಾಲೆಂಡರ್ ನೋಡುತ್ತಿದ್ದಳು. ಅಷ್ಟರಲ್ಲಿ ಅಂಚೆಯವನು ಒಂದು ಕಾರ್ಡು ಹಾಕಿ ಹೋದ.

ಅದು ವಿಲ್ಸನ್ ಗಾರ್ಡನ್ನಿನ ಅನಂತಪದ್ಮನಾಭರಾಯರದು. ಮೊದಲು 'ಚಿ. ಸೌ.' ಎಂದು ಬರೆದು, ಅದನ್ನು ಹೊಡೆದುಹಾಕಿ 'ಶ್ರೀಮತಿ' ಎಂದು ತಿದ್ದಿದ್ದರು. 'ನಿಮ್ಮ ಯಜಮಾನರು ನನ್ನಿಂದ ಎರವಲು ಒಯ್ದದ್ದು ನಿಮ್ಮ ಮನೆಯಲ್ಲೇ ಇದೆ. ಇಂಥ ಹೊತ್ತಿನಲ್ಲಿ ಅದರ ಹೆಸರೆತ್ತಲು ನನಗೆ ಮನಸ್ಸು ಬಾರದು. ನಿಮಗೆ ತಿಳಿದೇ ಇರುತ್ತದೆ. ಅನುಕೂಲವಾದಾಗ ಕಳುಹಿಸಿದರೆ ಸಾಕು.'

ವಿಮಲಾಗೆ ತಿಳಿದಿರಲಿಲ್ಲ. ಬೈದು ಬರೆದ ಕಾರ್ಡಾಗಿದ್ದರೆ ಏನು ಬೇಕೆಂದಾದರೂ ಸ್ಪಷ್ಟವಾಗಿರುತ್ತಿತ್ತು. ಸಂಕೋಚದ ಕಾರ್ಡಿನಲ್ಲಿ ಆ ಅನುಕೂಲವಿಲ್ಲ.

"ಯಾರದಮ್ಮ ಕಾಗದ?" ಎಂದರು ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ಅನಂತರಾಮು. ಆಡಿಟ್ ಆಫೀಸಿನಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಬೇರೆಯವರ ಕಾಗದ ಕಂಡರೆ ಅವರ ಕೈ ತಾನಾಗಿ ಚಾಚಿಕೊಳ್ಳುತ್ತಿತ್ತು. ಕಾರ್ಡನ್ನು ಎರಡು ಸಲ ಓದಿದರು. "ಇದರಲ್ಲಿ ಯೋಚನೆ ಮಾಡೋದೇನಿದೆ? ಮನೇಲಿ ಎರಡು ಪಿಟೀಲು ಇವೆ. ನುಡಿಸೋನಿಗೆ ಎರಡು ಯಾಕೆ? ಒಂದು ಜಯಸಿಂಹಂದು, ಇನ್ನೊಂದು ಅವರದು."

ಅದೇ ತೊಡಕು. ನಾಲ್ಕು ವರ್ಷದ ಹಿಂದೆ ಮದುವೆಯಾಗಿ ವಿಮಲಾ ಜಯನಗರದ ಈ ಮನೆಗೆ ಬಂದಾಗಲೇ ಎರಡೂ ಕಪಾಟಿನ ಮೇಲಿದ್ದವು. ಕರಿ ಪಿಟೀಲು ಕಚೇರಿಗೆ, ಕಂದು ಪಿಟೀಲು ಮನೆಪಾಠಕ್ಕೆ. ಕಚೇರಿ ಮುಗಿದ ಮೇಲೆ ಜನ ಹತ್ತಿರ ಬಂದು, "ಏನು ನಾದ ಸ್ವಾಮಿ ನಿಮ್ಮದು!" ಎನ್ನುತ್ತಿದ್ದದ್ದು ಕರಿಯದನ್ನು ಕೇಳಿ. ಆಗೆಲ್ಲ ಎರಡನೇ ಸಾಲಿನಲ್ಲಿ ಕೂತ ವಿಮಲಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಈಗ ಆ ಕರಿಯದೇ ಎರವಲಿನದಾಗಿದ್ದರೆ? ಜಯಸಿಂಹನ ನಾದವೂ ಎರವಲಿನದೇ ಎಂದಾಗಿಬಿಡುತ್ತದೆ. ಬೇರೆ ಏನು ಹೋದರೂ ಹೋಗಲಿ, ಅದೊಂದು ಅವನದಾಗಿರಬೇಕು.

ಪಿಟೀಲುಗಳ ಒಳಗೆ ಅಂಟಿಸಿದ್ದ ಚೀಟಿಗಳನ್ನು ಟಾರ್ಚ್ ಬಿಟ್ಟು ನೋಡಿದಳು. ಎರಡರಲ್ಲೂ ಇಟಲಿಯ ಒಬ್ಬನೇ ಮಹಾ ಕುಶಲಕರ್ಮಿಯ ಹೆಸರು, ಒಂದೇ ಇಸವಿ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಎರಡರಲ್ಲೂ 'ಜರ್ಮನಿಯಲ್ಲಿ ತಯಾರಾದದ್ದು'.

"ಸುಲಭ," ಎಂದರು ಅನಂತರಾಮು. "ಯಾರೂ ತಮ್ಮ ಹತ್ರ ಇರೋ ಒಳ್ಳೇದನ್ನ ಎರವಲು ಕೊಡಲ್ಲ. ನಾನು ಇವತ್ತಿನವರೆಗೆ ಒಳ್ಳೇ ಛತ್ರಿ ಯಾರಿಗೂ ಕೊಟ್ಟಿಲ್ಲ. ಯಾವುದರ ನಾದ ಸಪ್ಪೆಯೋ ಅದು ಅವರದು."

ಜಯಸಿಂಹನ ಶಿಷ್ಯೆ ಚೂಡಾಮಣಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗುವ ದಾರಿಯಲ್ಲಿ ಮಾತಾಡಿಸಿಕೊಂಡು ಹೋಗೋಣವೆಂದು ಬಂದಳು. ಅವಳನ್ನು ಹಿಡಿದು ಕೂರಿಸಿದರು. ಮಹಡಿಯಿಂದ ಮನೆ ಒಡತಿ ವಾರಿಜಮ್ಮ ಇಳಿದು ಬಂದರು.

"ನಿನ್ನೆ ತಾನೆ ವೈಕುಂಠ ಮುಗಿದಿದೆ, ಇವತ್ತು ಸಂಗೀತನಾ?"

"ಸಂಗೀತ ಅಲ್ಲ ಆಂಟಿ, ಪರೀಕ್ಷೆ," ಎಂದಳು ವಿಮಲಾ. ಅವಳು ಭೌತಶಾಸ್ತ್ರದ ಲೆಕ್ಚರರ್.

"ಹಾಗಾದ್ರೆ ಸರಿ. ಚೂಡಾಮಣಿ, ಮೋಹನ ನುಡಿಸೇ, ನಂಗೆ ಇಷ್ಟ."

ಚೂಡಾಮಣಿ ಕೋಣೆಯ ಪರದೆಯ ಹಿಂದೆ ಕೂತು ಎರಡನ್ನೂ ಶ್ರುತಿ ಮಾಡಿದಳು. ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ, ಅದೇ ಆಲಾಪನೆ. ಮೊದಲನೆಯದು ಕಾದ ತುಪ್ಪದ ಹಾಗೆ ಇಳಿಯಿತು. ಎರಡನೆಯದು ನೆಗಡಿಯಾದವರು ಹಾಡಿದಂತಿತ್ತು. ಮೂವರೂ ಚೀಟಿಯಲ್ಲಿ 'ಒಂದು' ಎಂದೇ ಬರೆದರು. ಪರದೆ ಸರಿಸಿದರೆ, ಒಂದನೆಯದು ಕರಿ ಪಿಟೀಲು.

ಕರಿಯದು ಅವನದೇ! ವಿಮಲಾ ಹದಿನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕಳು. ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ಆದರೆ ಅವಳು ಎಂಟು ವರ್ಷ ಹುಡುಗಿಯರಿಗೆ ಪ್ರಯೋಗ ಮಾಡಿಸಿದವಳು.

"ಯಾವ ಕಮಾನಲ್ಲಿ ನುಡಿಸಿದೆ?" ಎಂದಳು.

"ಅದರದರ ಪೆಟ್ಟಿಗೇಲಿದ್ದದ್ದು ಅದಕ್ಕೆ, ಅಕ್ಕ," ಎಂದಳು ಚೂಡಾಮಣಿ.

"ಎರಡು ಬದಲಾವಣೆ ಒಟ್ಟಿಗೆ ಮಾಡಬಾರದು. ಕಮಾನು ಅದಲುಬದಲು ಮಾಡಿ ಇನ್ನೊಂದು ಸಲ ನುಡಿಸು."

"ಗೆದ್ದಿದೀಯಲ್ಲಮ್ಮ, ಮತ್ಯಾಕೆ?" ಎಂದರು ವಾರಿಜಮ್ಮ.

ಚೂಡಾಮಣಿ ಮತ್ತೆ ಪರದೆ ಎಳೆದುಕೊಂಡು ನುಡಿಸಿದಳು. ಈ ಸಲ ತುಪ್ಪ ಇಳಿದದ್ದು ಎರಡನೆಯದರಿಂದ. ನೆಗಡಿ ಮೊದಲನೆಯದಕ್ಕೆ ಬಂದಿತ್ತು.

"ಈಗ ಕರಿಯದನ್ನ ಎರಡನೇದಾಗಿ ನುಡಿಸಿದ್ದಾಳೆ, ನಂಗೊತ್ತು," ಎಂದರು ಅನಂತರಾಮು.

"ಇಲ್ಲ ಅಂಕಲ್, ಕಂದು."

"ಛೆ, ಕಿವಿಗೆ ಕರಿ ಅನ್ನಿಸ್ತಲ್ಲ!"

ಮತ್ತೆ ಬದಲಿಸಿದರು, ಮತ್ತೆ ಕೇಳಿದರು. ಅಡುಗೆಮನೆಯಲ್ಲಿ ಅನ್ನ ಸೀದಿತು. ಚೂಡಾಮಣಿಯ ಅರ್ಧ ದಿನದ ರಜೆ ಹೋಯಿತು. ಕೊನೆಗೆ ಸಂಶಯವೇ ಉಳಿಯಲಿಲ್ಲ. ಪಿಟೀಲುಗಳೆರಡೂ ಒಂದೇ ತೂಕದವು. ನಾದವೆಲ್ಲ ಕರಿ ಪಿಟೀಲಿನ ಪೆಟ್ಟಿಗೆಯಲ್ಲಿದ್ದ ಕಮಾನಿನದು.

ವಿಮಲಾಗೆ ಇನ್ನೂ ಸಂತೋಷವೇ ಆಯಿತು. ಕಮಾನು ಅವನದೇ, ಅದರಲ್ಲಿ ಅನುಮಾನವಿಲ್ಲ. ದಿನಾ ನುಡಿಸಿದ ಮೇಲೆ ಅದರ ಕುದುರೆಕೂದಲು ಸಡಿಲಿಸಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಬೇರೆಯವರ ವಸ್ತುವಿಗೆ ಯಾರು ಅಷ್ಟು ಮಾಡುತ್ತಾರೆ? ಹೇಗಿದ್ದರೂ ಪಿಟೀಲುಗಳು ಸಮ. ಯಾವುದನ್ನು ಕೊಟ್ಟರೂ ರಾಯರಿಗೆ ಮೋಸವಿಲ್ಲ.

"ಇವತ್ತೇ ಹೊರಗೆ ಹೊರಟೆಯಾ? ಮಂಗಳವಾರ ಬೇರೆ," ಎಂದರು ವಾರಿಜಮ್ಮ.

"ಅವರ ಹೆಸರಲ್ಲಿ ಎರವಲು ಅಂತ ಒಂದು ದಿನವೂ ಇರೋದು ಬೇಡ ಆಂಟಿ," ಎಂದು ವಿಮಲಾ ಕಂದು ಪಿಟೀಲಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಳು. ಕಂಡಕ್ಟರ್ ಪೆಟ್ಟಿಗೆಗೂ ಟಿಕೆಟ್ ಬೇಕೆಂದ. ಅದು ಮಗುವಲ್ಲ ಎಂದು ಅವಳು ವಾದಿಸಿ ಗೆದ್ದಳು.

ಅನಂತಪದ್ಮನಾಭರಾಯರು ನಿವೃತ್ತ ಹೆಡ್‌ಮಾಸ್ಟರು, ತಮ್ಮ ಪಾಡಿಗೆ ಮನೆಯಲ್ಲಿ ನುಡಿಸಿಕೊಳ್ಳುವವರು. ಪೆಟ್ಟಿಗೆ ತೆರೆದು ನೋಡಿ ಗಾಬರಿಯಾದರು.

"ಅಯ್ಯೋ, ಇದ್ಯಾಕಮ್ಮ ತಂದ್ರಿ? ಇದು ಜಯಸಿಂಹಂದು. ಎರಡೂ ಅವನದೇ. ನಾನೇ ಜೊತೇಲಿ ಹೋಗಿ ಆರಿಸಿಕೊಟ್ಟಿದ್ದು."

"ಮತ್ತೆ ನೀವು ಕೊಟ್ಟಿದ್ದು?"

ರಾಯರು ಕಿಟಕಿಯ ಕಡೆ ತಿರುಗಿದರು. "ಕಮಾನು. ನಮ್ಮ ತಂದೆಯವರದು, ಹಳೇದು. ಒಂದು ಕಚೇರಿ ಮುಗಿಸಿ ತಂದುಕೊಡ್ತೀನಿ ಅಂದ. ಎಂಟು ವರ್ಷ ಆಯ್ತು. ಅವನು ಕಚೇರಿ ಮಾಡ್ತಾನೇ ಇದ್ದ, ನಾನೂ ಮುಂದಿನ ಸಾಲಲ್ಲಿ ಕೂತು ನಮ್ಮ ಕಮಾನು ಏನು ಚೆನ್ನಾಗಿದೆ ಅಂದ್ಕೊಂಡು ಬರ್ತಿದ್ದೆ. ಕೇಳೋಕೆ ಬಾಯಿ ಬರ್ತಿರಲಿಲ್ಲ."

ವಿಮಲಾ ಪೆಟ್ಟಿಗೆ ಮುಚ್ಚಿದಳು.

"ಅಷ್ಟು ಬೇಕು ಅನ್ನಿಸಿದ್ರೆ ನೀವೇ ಇಟ್ಕೊಳ್ಳಿ," ಎಂದರು ರಾಯರು, ಬೇಡವೆನ್ನಲಿ ಎಂಬ ದನಿಯಲ್ಲಿ.

"ಬೇಡ. ಸಂಜೆಯೊಳಗೆ ತರ್ತೀನಿ."

ಮನೆಗೆ ಬಂದಾಗ ಅನಂತರಾಮು ಗೇಟಿನಲ್ಲೇ ಇದ್ದರು. "ತಗೊಳ್ಳಲಿಲ್ವಾ? ನಾನು ಹೇಳಿದ್ನಲ್ಲ, ಅವರದು ಕರಿ!"

ವಿಮಲಾ ನೇರ ಒಳಗೆ ಹೋದಳು. ಕರಿ ಪಿಟೀಲಿನ ಕಮಾನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿದಳು. ಕಚೇರಿಯ ಎರಡನೇ ಸಾಲಿನಲ್ಲಿ ಕೂರುತ್ತಿದ್ದಂತೆಯೇ ಬಸ್ಸಿನಲ್ಲೂ ನೆಟ್ಟಗೆ ಕೂತಳು.

ರಾಯರು ಎರಡೂ ಕೈಯಲ್ಲಿ ಕಮಾನು ತೆಗೆದುಕೊಂಡರು. ತಡೆಯಲಾರದೆ ಅಲ್ಲೇ ತಮ್ಮ ಪಿಟೀಲು ತೆಗೆದು, ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ ಎಳೆದರು.

ಬಾಗಿಲ ಕೀಲು ತಿರುಗಿದ ಹಾಗೆ ಕಿರ್ರೆಂದಿತು.

ಕೂದಲು ಬಿಗಿ ಮಾಡಿದರು. ರಾಳ ತಿಕ್ಕಿದರು. ಮತ್ತೆ ಎಳೆದರು. ಮತ್ತೆ ಕಿರ್ರೆಂದಿತು. ಕಮಾನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಹಳ ಸಂಕೋಚದಿಂದ ಕೇಳಿದರು:

"ತಪ್ಪು ತಿಳೀಬೇಡಿ, ಅಮ್ಮ. ನೀವು ಸರಿಯಾದ ಕಮಾನೇ ತಂದಿದೀರಾ?"

"ಕಮಾನು ಅದೇ ಸಾರ್," ಎಂದಳು ವಿಮಲಾ. ಸೆರಗು ಸರಿಮಾಡಿಕೊಂಡು, ರೇಷ್ಮೆ ಬಟ್ಟೆಯನ್ನೂ ಮಡಿಸಿ ಅವರ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡಳು.